ಹಾಲು ಕುಡಿದರೆ ಹೊಟ್ಟೆ ಉಬ್ಬರ, ಮೊಸರು ತಿಂದರೆ ಏನೂ ಆಗಲ್ಲ. ಯಾಕೆ?

ಹಾಲಿನಲ್ಲಿರುವ ಸಕ್ಕರೆಯೇ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ನಮ್ಮಲ್ಲಿ ಬಹಳ ಜನರಿಗೆ ಬಾಲ್ಯ ಕಳೆದ ಮೇಲೆ ಕಡಿಮೆಯಾಗುತ್ತದೆ. ಆಗ ಲ್ಯಾಕ್ಟೋಸ್ ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಹೊಟ್ಟೆ ಗುಡುಗುಡು ಅನ್ನುವುದು, ಭೇದಿ ಆಗುವುದು ಅದಕ್ಕೇ. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ಕರುಳಿನಲ್ಲಿ ಒಡೆಯಲೂ ನೆರವಾಗುತ್ತವೆ.

ಎರಡು ವಾರ ಹಾಲು ಬಿಟ್ಟು ನೋಡಿ. ಕಾಫಿಗೆ ಹಾಕುವಷ್ಟು ಹಾಲು ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ, ಹಾಗಾಗಿ ಸುಮ್ನೆ ಎಲ್ಲವನ್ನೂ ಬಿಡಬೇಡಿ. ಕ್ಯಾಲ್ಸಿಯಂಗೆ ಮೊಸರು, ಮಜ್ಜಿಗೆ, ರಾಗಿ ಇವೆ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇರುತ್ತದೆ.

ಮಲದಲ್ಲಿ ರಕ್ತ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮಾತ್ರ ಹಾಲನ್ನು ದೂರುತ್ತಾ ಕೂರಬೇಡಿ, ಬೇಗ ಡಾಕ್ಟರಿಗೆ ತೋರಿಸಿ.