ಐವತ್ತು ಜನ ಯಾರ ನೆಂಟರು?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ಮಗಳಿಗೆ 3 ವರ್ಷ ತುಂಬುತ್ತದೆ. ಕರೆಯುವವರ ಪಟ್ಟಿ ಈಗಲೇ 50 ದಾಟಿದೆ. ಕಳೆದ ವರ್ಷ ಕೇಕ್ ಮುಂದೆ ನಿಲ್ಲಿಸಿದ್ದೇ ತಡ, ಅತ್ತಿದ್ದೇ ಅತ್ತಿದ್ದು. ಈ ಸಲ ಅಳು, ಗಾಯ, ತಲೆನೋವು ಯಾವುದೂ ಇಲ್ಲದೆ ಮುಗಿಸುವುದು ಹೇಗೆ?

ಉತ್ತರ: ಆ 50 ಜನ ನಿಮ್ಮ ನೆಂಟರು, ಮಗಳ ಜೊತೆಗಾರರಲ್ಲ ಅಲ್ವಾ? ಅವರನ್ನು ಇನ್ನೊಂದು ದಿನ ಊಟಕ್ಕೆ ಕರೆಯಿರಿ. ಮೂರು ವರ್ಷದ ಮಗುವಿಗೆ ಮೂರ್ನಾಲ್ಕು ಮಕ್ಕಳು ಸಾಕು, ಒಂದೂವರೆ ಗಂಟೆ ಸಾಕು. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲಿನ ಹೊತ್ತು ಒಳ್ಳೆಯದು. ಕರೆಯುವಾಗಲೇ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತಲೂ ಹೇಳಿಬಿಡಿ. ಸಂಕೋಚ ಬೇಡ, ಬರುವ ಅಪ್ಪ ಅಮ್ಮಂದಿರಿಗೂ ಅದೇ ಬೇಕಿರುತ್ತದೆ.

ಅವಳು ಅತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ. ಲೈಟ್ ಆರಿಸಿ, ಮುಖದ ಹತ್ತಿರ ಬೆಂಕಿ ಹಿಡಿದು, ಸುತ್ತ ನಿಂತು ಜೋರಾಗಿ ಹಾಡಿದರೆ ಪುಟ್ಟ ಮಕ್ಕಳು ಹೆದರುತ್ತಾರೆ. ಲೈಟ್ ಇರಲಿ, ಮೆಲ್ಲಗೆ ಹಾಡಿ. ಅವಳಿಗೆ ಬೇಡವಾದರೆ ಮೇಣದಬತ್ತಿಯನ್ನೂ ಬಿಡಿ.

ಶಿಶುವಿಹಾರದ ಮಕ್ಕಳ ನಡುವೆಯೇ ತಲೆ ನರೆತವಳು ನಾನು. ಪಾರ್ಟಿ ಅಂದರೆ ನನಗೆ ಮೊದಲು ಭಯವಾಗುವುದು ಬಲೂನಿಗೆ. ಊದದ ಬಲೂನು, ಒಡೆದ ಚೂರು ಬಾಯಿಗೆ ಹೋದರೆ ಉಸಿರಿನ ದಾರಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ತೆಗೆಯುವುದು ಬಹಳ ಕಷ್ಟ. 8 ವರ್ಷದೊಳಗಿನ ಮಕ್ಕಳ ಕೈಗೆ ದೊಡ್ಡವರು ಪಕ್ಕದಲ್ಲಿಲ್ಲದೆ ಬಲೂನು ಕೊಡಬಾರದು. ಎತ್ತರದಲ್ಲಿ ಕಟ್ಟಿ. ಟಪ್ ಅಂದ ಕೂಡಲೇ ಬೇರೆಲ್ಲ ಬಿಟ್ಟು ಚೂರುಗಳನ್ನು ಹೆಕ್ಕಿ. ಗ್ಯಾಸ್ ಬಲೂನು ತರುವುದಾದರೆ ಒಳಗೆ ಯಾವ ಗ್ಯಾಸ್ ಎಂದು ಕೇಳಿ. ಹೀಲಿಯಂ ಉರಿಯುವುದಿಲ್ಲ, ಹೈಡ್ರೋಜನ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಕೇಕ್ ಕತ್ತರಿಸುವಾಗ ಮುಖಕ್ಕೆ ಎರಚುವ ನೊರೆ ಸ್ಪ್ರೇ ಅಂತೂ ಬೇಡವೇ ಬೇಡ. ಬಹಳಷ್ಟು ಡಬ್ಬಿಗಳಲ್ಲಿ ಬೆಂಕಿ ಹಿಡಿಯುವ ಗ್ಯಾಸ್ ಇರುತ್ತದೆ, ಎದುರಿಗೇ ಮೇಣದಬತ್ತಿ ಉರಿಯುತ್ತಿರುತ್ತದೆ. ಅದರಲ್ಲಿ ಏನು ಖುಷಿಯೋ ನನಗಂತೂ ಗೊತ್ತಿಲ್ಲ.

ತಿಂಡಿ ಜಾಸ್ತಿ ಬಗೆ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಇಡೀ ಕಡಲೆಕಾಯಿ ಬೀಜ, ಗಟ್ಟಿ ಮಿಠಾಯಿ ಇಡಬೇಡಿ. ಯಾವ ಮಗುವಿಗೆ ಏನು ಒಗ್ಗುವುದಿಲ್ಲ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮಕ್ಕಳು ಕೂತೇ ತಿನ್ನಲಿ, ಓಡುತ್ತಾ ಅಲ್ಲ.

ಇಷ್ಟೆಲ್ಲ ಮಾಡಿಯೂ ಒಬ್ಬರನ್ನು ಬರೀ ಮಕ್ಕಳನ್ನು ನೋಡಿಕೊಳ್ಳಲೆಂದೇ ನಿಲ್ಲಿಸಿ. ಬಡಿಸುವುದು, ಫೋಟೊ, ಫೋನು ಯಾವುದೂ ಅವರಿಗಿಲ್ಲ. ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಿ, ಬದಲಿಸುವಾಗ ‘ಈಗ ನೀವು’ ಎಂದು ಬಾಯಿಬಿಟ್ಟೇ ಹೇಳಿ. ಎಲ್ಲರೂ ಇದ್ದಾರಲ್ಲ ಅಂತ ಸುಮ್ನಿದ್ದಾಗಲೇ ಮಗು ಗೇಟು ದಾಟಿರುತ್ತದೆ.

ಉಡುಗೊರೆಗಳನ್ನು ಎಲ್ಲರೂ ಹೋದ ಮೇಲೆ ನೀವೇ ಕೂತು ಬಿಚ್ಚಿಸಿ. ಮಿನುಗುವ ಆಟಿಕೆ, ಹಾಡುವ ಕಾರ್ಡುಗಳಲ್ಲಿ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಎತ್ತಿಟ್ಟುಬಿಡಿ. ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಟ್ಟು ಹೋಗಬಹುದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಹೊರಡಿ.