ಕಡಲು ಅಂಗಳಕ್ಕೆ ಬಂದ ಕನಸಿಗೆ ಅರ್ಥ ಎಂತ?

ಮಂಗಳೂರು ಪಕ್ಕದ ಉಳ್ಳಾಲದ ಹಳೆ ಮನೆಯ ಅಂಗಳಕ್ಕೆ ಕಡಲು ಬಂದಿದೆ. ತೀರಿಹೋದ ಅಜ್ಜಿ ಆ ನೀರಲ್ಲೇ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದಾರೆ, ಕರೆದರೆ ತಲೆ ಎತ್ತುವುದಿಲ್ಲ. ಅಷ್ಟರಲ್ಲಿ ನಿಮ್ಮ ಹಲ್ಲುಗಳು ಒಂದೊಂದಾಗಿ ಅಂಗೈಗೆ ಉದುರುತ್ತವೆ. ಬೆಳಗಿನ ಜಾವ ಬಿದ್ದ ಕನಸು, ಜೋಯಿಸರ ಹತ್ತಿರ ಪ್ರಶ್ನೆ ಇಡಬೇಕಾ ಎಂದು ಬರೆದು ಕೇಳಿದ್ದೀರಿ. ನನಗೆ ಬೀಳುತ್ತಿದ್ದದ್ದು ಕಡಲಲ್ಲ, ಬಾವಿ; ಎದ್ದ ಮೇಲಿನ ಆ ಕಸಿವಿಸಿ ಮಾತ್ರ ಇದೇ. ಹಾಗಾಗಿ ನೇರವಾಗಿ ಹೇಳುತ್ತೇನೆ: ಕಡಲು ಅಂದರೆ ಇದು, ಹಲ್ಲು ಅಂದರೆ ಅದು ಎಂಬ ಪಟ್ಟಿಯಿಂದ ನಿಮಗೆ ಏನೂ ಸಿಗುವುದಿಲ್ಲ.

ಎಡವಟ್ಟಾದದ್ದು ಎಲ್ಲಿ ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಮೊದಲು ಅಮ್ಮನಿಗೆ ಹೇಳಿದಿರಿ, ಆಮೇಲೆ ಚಿಕ್ಕಮ್ಮನಿಗೆ, ಆಮೇಲೆ ಮೊಬೈಲಿನಲ್ಲಿ ಹುಡುಕಿದಿರಿ. ಬರೆದಿಡಲಿಲ್ಲ. ಕನಸು ಕೆಡುವುದು ಇಲ್ಲೇ ಮಾರಾಯ್ರೆ. ಎದ್ದು ಕೂರುವಷ್ಟರಲ್ಲಿ ಕೈಯಲ್ಲಿ ಉಳಿಯುವುದು ನಾಲ್ಕು ಚೂರು. ಇನ್ನೊಬ್ಬರಿಗೆ ಹೇಳಬೇಕಾದಾಗ ಆ ಚೂರುಗಳಿಗೆ ಹಿಂದುಮುಂದು ಸೇರಿಸಿ ಕಥೆ ಮಾಡುತ್ತೇವೆ. ಕೇಳುವವರು "ಅಜ್ಜಿ ಬಿಳಿ ಸೀರೆ ಉಟ್ಟಿದ್ದರಾ?" ಅನ್ನುತ್ತಾರೆ, ಮುಂದಿನ ಸಲ ಹೇಳುವಾಗ ಬಿಳಿ ಸೀರೆ ಕನಸಿನೊಳಗೇ ಇರುತ್ತದೆ. ನಿಮ್ಮದನ್ನೇ ನೋಡಿ. ಮೊದಲ ಸಾಲಿನಲ್ಲಿ "ತಲೆ ಎತ್ತಲಿಲ್ಲ" ಎಂದಿದ್ದೀರಿ. ಚಿಕ್ಕಮ್ಮ "ಅಜ್ಜಿಗೆ ಏನೋ ಬಾಕಿ ಉಂಟು" ಎಂದ ಮೇಲಿನ ಸಾಲಿನಲ್ಲಿ "ಸಿಟ್ಟಿನಿಂದ ತಲೆ ಎತ್ತಲಿಲ್ಲ" ಎಂದಾಗಿದೆ. ಆ ಸಿಟ್ಟು ಕನಸಿನದ್ದಲ್ಲ, ಚಿಕ್ಕಮ್ಮನದ್ದು. ಈಗ ನೀವು ಅರ್ಥ ಹುಡುಕುತ್ತಿರುವುದು ಮೂರು ಜನ ಸೇರಿ ಕಂಡ ಕನಸಿಗೆ.

ಮುಂದಿನ ಸಲ ಹೀಗೆ ಮಾಡಿ. ತಲೆದಿಂಬಿನ ಪಕ್ಕ ಕಾಗದ, ಪೆನ್ಸಿಲ್ ಇರಲಿ. ಮೊಬೈಲ್ ಬೇಡ, ಅದರ ಬೆಳಕಿಗೆ ಮೊದಲು ಓಡುವುದು ಕನಸೇ. ಎಚ್ಚರವಾದಾಗ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ, ಕೊನೆಯ ದೃಶ್ಯದಿಂದ ಹಿಂದಕ್ಕೆ ಹೋಗಿ. ಆಮೇಲೆ ಬರೆಯಿರಿ, ಈಗ ನಡೆಯುತ್ತಿದೆ ಎಂಬಂತೆ: "ನೀರು ಇದೆ, ಅಜ್ಜಿ ಕೂತಿದ್ದಾರೆ." ಏಕೆ ಎಂಬ ಪದ ಎಲ್ಲೂ ಬರಬಾರದು. ಕೊನೆಗೆ ಭಾವನೆಯನ್ನು ಎರಡು ಸಾಲಿನಲ್ಲಿ, ಬೇರೆಬೇರೆಯಾಗಿ: ಕನಸಿನ ಒಳಗೆ ಹೇಗನಿಸಿತು, ಎದ್ದ ಮೇಲೆ ಹೇಗನಿಸಿತು. ಎರಡಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಇವೆರಡನ್ನು ಕಲಸಿದರೆ ಓದು ಪೂರ್ತಿ ದಾರಿ ತಪ್ಪುತ್ತದೆ. ಒಳಗೆ ಬರೀ ಬೇಸರವಿದ್ದು, ಎದ್ದ ಮೇಲೆ "ಸತ್ತವರು ಕಂಡರಲ್ಲಾ" ಎಂದು ಹೆದರಿಕೆ ಹುಟ್ಟಿರಬಹುದು. ಆ ಹೆದರಿಕೆ ನಾವು ಬೆಳೆದ ಮನೆಯದ್ದು, ಕನಸಿನದ್ದಲ್ಲ.

ಅದೇ ಹಾಳೆಯ ಹಿಂಬದಿಯಲ್ಲಿ ಕಳೆದ ಒಂದು ವಾರದಲ್ಲಿ ಕಂಡದ್ದು, ಕೇಳಿದ್ದು ಬರೆಯಿರಿ. ನಿನ್ನೆಯದು ಸಾಲದು, ಐದರಿಂದ ಏಳು ದಿನ ಹಿಂದಿನ ಸಂಗತಿಗಳೂ ಕನಸಿಗೆ ಮರಳಿ ಬರುವುದನ್ನು ಸಂಶೋಧಕರು ಗಮನಿಸಿದ್ದಾರೆ. ನೀವು ಬರೆದಿರುವುದು ತುಳುನಾಡಿನ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ. ತೀರಿಹೋದವರಿಗೆ ಬಡಿಸುವ ಮಾತು ಮನೆಯಲ್ಲಿ ನಡೆದಿರುವುದಿಲ್ಲವೇ? ಉಳ್ಳಾಲ, ಸೋಮೇಶ್ವರ ಕಡೆಯ ಕಡಲ್ಕೊರೆತದ ಫೋಟೋ ಪೇಪರಿನಲ್ಲಿ ನೋಡಿರುವುದಿಲ್ಲವೇ? ಕಡಲೆಂದರೆ ಸುಪ್ತ ಮನಸ್ಸು ಎಂದು ಬರೆಯುವವರ ಮನೆಯ ಕಾಂಪೌಂಡಿಗೆ ಮಳೆಗಾಲದಲ್ಲಿ ಅಲೆ ಬಡಿದಿರಲಿಕ್ಕಿಲ್ಲ. ನಿಮ್ಮೂರಿನಲ್ಲಿ ಅದು ಮೊದಲು ಕಡಲೇ, ಸಂಕೇತ ಆಮೇಲೆ.

ಈಗ ಅಜ್ಜಿ. ಈ ಕನಸಿನ ತಿರುಳು ಇವರೇ ಅನಿಸುತ್ತದೆ. ಅಜ್ಜಿಯನ್ನು ಕಾಣದವರಿಗೆ ಅವರ ಬಗ್ಗೆ ಎರಡು ವಾಕ್ಯ ಹೇಳುವುದಾದರೆ ಏನು ಹೇಳುತ್ತೀರಿ? "ಅಮ್ಮನ ಅಮ್ಮ" ಎಂದರೆ ಸಾಲದು, ಅದು ಎಲ್ಲರ ಅಜ್ಜಿಗೂ ಹೊಂದುತ್ತದೆ. "ಕೆಲಸ ಮುಗಿಯುವ ತನಕ ಯಾರು ಬಂದರೂ ತಲೆ ಎತ್ತದವರು" ಎಂಬಂಥದ್ದು ಬೇಕು. ಆ ವಾಕ್ಯದಿಂದ ಅಜ್ಜಿಯ ಹೆಸರು ತೆಗೆದುಹಾಕಿ ಕೇಳಿಕೊಳ್ಳಿ: ಈಗ ನನ್ನ ಬದುಕಿನಲ್ಲಿ ಕರೆದರೂ ತಲೆ ಎತ್ತದವರು ಯಾರು? ಗಂಡನಾ, ಆಫೀಸಿನವರಾ, ಅಥವಾ ನಾನೇ ಹಾಗಾಗಿದ್ದೇನಾ? ಮಡಲಿಗೂ ಹೀಗೇ ಮಾಡಿ. ಸೂರಿಗೆ, ಮರೆಗೆ ಹೆಣೆಯುವ ವಸ್ತು ಅದು, ಅದೂ ನೀರು ಬಂದ ಮನೆಯಲ್ಲಿ. ಹಳೆ ಮನೆ ಮಾರುವ ಮಾತಿದೆ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ, ಲೆಕ್ಕಕ್ಕಿಲ್ಲದ ವಿಷಯ ಎಂಬಂತೆ. ನಾನಾದರೆ ಅಲ್ಲಿಂದಲೇ ಶುರುಮಾಡುತ್ತೇನೆ.

ಸರಿಯಾದ ಓದು ಸಿಕ್ಕಿತು ಎಂದು ತಿಳಿಯುವುದು ಹೇಗೆ? ಅದು ನೆರೆಮನೆಯವರ ಕನಸಿಗೂ ಹೊಂದಿದರೆ ಬಿಟ್ಟುಬಿಡಿ. "ಬದಲಾವಣೆಯ ಭಯ" ಎಂಬಂಥ ಮಾತು ಯಾವ ಕನಸಿಗೂ ಹೊಂದುತ್ತದೆ. ಕನಸಿನೊಳಗಿನ ಭಾವನೆಗೂ ವಾರದ ಯಾವುದೋ ಒಂದು ಗಳಿಗೆಯ ಭಾವನೆಗೂ ತಾಳೆಯಾದರೆ ಇಟ್ಟುಕೊಳ್ಳಿ.

ಹಲ್ಲು ಉದುರುವುದಕ್ಕೆ ಮನೆಯಲ್ಲಿ ಸಾವು ಎಂಬ ಅರ್ಥ ಎಲ್ಲ ಕಡೆ ಇದೆ, ಅದನ್ನು ಕಡಲಿಗೇ ಎಸೆಯಿರಿ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಲ್ಲಿನ ಕನಸಿಗೆ ನಂಟು ಕಂಡದ್ದು ಮನಸ್ಸಿನ ತೊಳಲಾಟದ ಜೊತೆಗಲ್ಲ, ಎದ್ದಾಗ ಹಲ್ಲು, ಒಸಡು, ದವಡೆಯಲ್ಲಿ ಇರುವ ಬಿಗಿತ, ನೋವಿನ ಜೊತೆಗೆ. ಬೆಳಿಗ್ಗೆ ದವಡೆ ಒತ್ತಿ ನೋಡಿ. ನೋಯುತ್ತಿದ್ದರೆ ರಾತ್ರಿ ಹಲ್ಲು ಕಡಿಯುತ್ತಿರಬಹುದು. ಹೋಗಬೇಕಾದ್ದು ದಂತವೈದ್ಯರ ಹತ್ತಿರ.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಗೂ ಕಾರಣ ಸರಳ. 1953ರಲ್ಲಿ ಶಿಕಾಗೊದಲ್ಲಿ ಗುರುತಿಸಿದ ರೆಮ್ ನಿದ್ರೆ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಓಡಾಡುವ ನಿದ್ರೆ, ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತಾ ಉದ್ದವಾಗುತ್ತದೆ. ಢಾಳಾದ ಕನಸುಗಳು ಹೆಚ್ಚಾಗಿ ಆಗಲೇ. ಅದರಿಂದ ನೇರ ಎದ್ದರೆ ನೆನಪಿರುತ್ತದೆ, ನೆನಪಿರುವುದಕ್ಕೆ ಮಹತ್ವ ಬರುತ್ತದೆ. ಶಾಸ್ತ್ರವೇ ಬೇಕೆಂದರೆ ಚರಕ ಸಂಹಿತೆ ಇದೆ. ಅದು ಹೇಳುವ ಏಳು ಬಗೆಯ ಕನಸುಗಳಲ್ಲಿ ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು ಎಂಬ ಮೊದಲ ಐದಕ್ಕೆ ಫಲವಿಲ್ಲ. ಅಜ್ಜಿ, ಕಡಲ್ಕೊರೆತ ಎರಡೂ ನೀವು ಕಂಡದ್ದೇ. ಪ್ರಶ್ನೆಗೆ ಕೊಡುವ ದಕ್ಷಿಣೆ ಉಳಿಯಿತು. ಅಮ್ಮನ ನೆಮ್ಮದಿಗೆ ಅಜ್ಜಿಗೊಂದು ಎಲೆ ಬಡಿಸುವುದಾದರೆ ಬಡಿಸಿ, ಅದು ಪ್ರೀತಿಯ ಕೆಲಸ. ಕನಸಿನ ದಂಡ ಎಂದು ಬಡಿಸಬೇಡಿ.

ಇದೇ ಕನಸು ಮತ್ತೆಮತ್ತೆ ಬಂದು ನಿದ್ದೆ ಕೆಡಿಸಿದರೆ ಅರ್ಥದ ಗೊಡವೆ ಬಿಟ್ಟು ಕೊನೆ ಬದಲಿಸಿ. ಹಗಲಲ್ಲಿ ಕನಸನ್ನು ನಿಮಗೆ ಹಿತವಾದ ಮುಕ್ತಾಯದೊಂದಿಗೆ ಹೊಸದಾಗಿ ಬರೆದು, ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣುಮುಚ್ಚಿ ಆ ಹೊಸದನ್ನೇ ನೋಡುವುದು. ದುಃಸ್ವಪ್ನಕ್ಕೆ ಮನೋವೈದ್ಯರೂ ಮಾಡಿಸುವ ಅಭ್ಯಾಸ ಇದು. ಬಿಪಿಗೆ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಹೊಸದಾಗಿ ಶುರುವಾಗಿದ್ದರೆ ಡಾಕ್ಟರಿಗೆ ಹೇಳಿ, ಅವುಗಳಿಂದಲೂ ಕೆಟ್ಟ ಕನಸು ಬೀಳಬಹುದು, ನೀವಾಗಿ ನಿಲ್ಲಿಸಬೇಡಿ. ಕನಸಿಗೆ ತಕ್ಕ ಹಾಗೆ ಬೊಬ್ಬೆ ಹೊಡೆದು, ಕೈಕಾಲು ಬೀಸಿ ಪಕ್ಕದವರಿಗೆ ಪೆಟ್ಟಾಗುತ್ತಿದ್ದರೆ ಅದು ನರರೋಗ ತಜ್ಞರ ವಿಷಯ, ಅದರಲ್ಲೂ ಐವತ್ತು ದಾಟಿದವರಲ್ಲಿ. ಹಗಲಿಗೂ ಹೆದರಿಕೆ ಉಳಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ.