ಚೆಕ್ ನಿಲ್ಲಿಸಲು ಹೋದಾಗ ರೇಡ್6 ಹ್ಯಾಂಗ್ ಆಗಿದೆ, ಡಿಸ್ಕ್ ಹೋಯಿತಾ?

ಡಿಸ್ಕ್ ಹೋಗಿರಲಿಕ್ಕಿಲ್ಲ. ಇನ್ನೂ ರೀಬೂಟ್ ಮಾಡಿಲ್ಲ ಅಂದರೆ ಮಾಡಬೇಡಿ, ಸ್ವಲ್ಪ ತಡೆಯಿರಿ.

ನೀವು ಹೇಳಿದ್ದು ಇಷ್ಟು: ಲಿನಕ್ಸ್ ಕರ್ನಲ್ 5.10, ಎಂಟು ಡಿಸ್ಕಿನ ಸಾಫ್ಟ್‌ವೇರ್ ರೇಡ್6 (ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುವ ಹಾಗೆ ಡಿಸ್ಕ್‌ಗಳನ್ನು ಸೇರಿಸಿದ ಗುಂಪು, ಅಂದರೆ ಅರೇ). ಚೆಕ್ (ಡಿಸ್ಕ್‌ಗಳ ಡೇಟಾ ಒಂದಕ್ಕೊಂದು ಹೊಂದುತ್ತದೆಯಾ ಅಂತ ನೋಡುವ ಪರೀಕ್ಷೆ) ಓಡುತ್ತಿದ್ದಾಗ, ಅದನ್ನು ನಿಲ್ಲಿಸಲು ಸಿಂಕ್_ಆಕ್ಷನ್ ಫೈಲಿಗೆ ‘ಐಡಲ್’ ಅಂತ ಬರೆದಿರಿ, ಆ ಕಮಾಂಡ್ ವಾಪಸ್ ಬರಲೇ ಇಲ್ಲ. ಡಿಸ್ಕಿಗೆ ಬರೆಯುವ ಪ್ರೋಗ್ರಾಮ್‌ಗಳೆಲ್ಲ ನಿಂತಿವೆ, ಕಿಲ್ ಮೈನಸ್ 9ಕ್ಕೂ ಜಗ್ಗುತ್ತಿಲ್ಲ. ಡಿಸ್ಕಿನ ಲೈಟ್ ಮಿನುಗುತ್ತಿಲ್ಲ, ಆದರೆ ಎಂಡಿ0_ರೇಡ್6 ಅನ್ನುವ ಥ್ರೆಡ್ ಒಂದು ಕೋರ್ ಪೂರ್ತಿ ತಿನ್ನುತ್ತಿದೆ. ಡಿಸ್ಕ್ ಕೆಟ್ಟಿದ್ದರೆ ಲಾಗ್ ತುಂಬ ಐಒ ಎರರ್ ಬರಬೇಕಿತ್ತು, ನಿಮ್ಮದರಲ್ಲಿ ಒಂದೂ ಇಲ್ಲ. ಇದು ಎಂಡಿ ಡ್ರೈವರಿನ (ಲಿನಕ್ಸಿನಲ್ಲಿ ಸಾಫ್ಟ್‌ವೇರ್ ರೇಡ್ ನಡೆಸುವ ಭಾಗ) ಡೆಡ್‌ಲಾಕ್, ಅಂದರೆ ಒಬ್ಬರಿಗೊಬ್ಬರು ಕಾಯುತ್ತ ಯಾರೂ ಮುಂದೆ ಹೋಗದ ಸ್ಥಿತಿ. ನಾನು ನೋಡಿಕೊಳ್ಳುವ ಬ್ಯಾಕಪ್ ಸರ್ವರಿನಲ್ಲೂ ಇದೇ ಆಗಿತ್ತು.

ಲಾಗ್ ನೋಡಿದರೆ ದಾರಿ ತಪ್ಪುತ್ತದೆ. ‘120 ಸೆಕೆಂಡಿಗಿಂತ ಜಾಸ್ತಿ ಬ್ಲಾಕ್ ಆಗಿದೆ’ ಅಂತ ಕರ್ನಲ್ ಹೆಸರಿಸುವುದು ಜೆಬಿಡಿ2 (ಫೈಲ್‌ಸಿಸ್ಟಮಿನ ಜರ್ನಲ್ ಬರೆಯುವ ಥ್ರೆಡ್), ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಪ್ರೋಗ್ರಾಮ್) ಥರದವನ್ನು. ಅವೆಲ್ಲ ಏಟು ತಿಂದವು, ಹೊಡೆದವಲ್ಲ. ಈ ಎಚ್ಚರಿಕೆ ಡಿ ಸ್ಥಿತಿಯಲ್ಲಿ (ಕಿಲ್ ಮಾಡಿದರೂ ಏಳದ ನಿದ್ದೆ) ಮಲಗಿದ ಟಾಸ್ಕ್‌ಗಳಿಗೆ ಮಾತ್ರ. ರೇಡ್6 ಥ್ರೆಡ್ ಓಡುತ್ತಲೇ ಇರುವುದರಿಂದ ಆ ಪಟ್ಟಿಗೆ ಬರುವುದೇ ಇಲ್ಲ. ಮೇಲಾಗಿ ಡೀಫಾಲ್ಟ್ ಸೆಟ್ಟಿಂಗಿನಲ್ಲಿ 10 ಎಚ್ಚರಿಕೆ ಆದ ಮೇಲೆ ಕರ್ನಲ್ ಬಾಯಿ ಮುಚ್ಚಿಕೊಳ್ಳುತ್ತದೆ. ಲಾಕ್‌ಡೆಪ್ (ಲಾಕ್‌ಗಳ ಸಿಕ್ಕು ಹುಡುಕುವ ಕರ್ನಲ್ ಸಾಧನ) ಹಾಕಿದ್ದರೂ ಉಪಯೋಗವಿಲ್ಲ. ಇಲ್ಲಿ ನಿಜವಾದ ಲಾಕ್ ಒಂದೇ, ಉಳಿದವರು ಕಾಯುತ್ತಿರುವುದು ಫ್ಲಾಗಿಗೆ, ಕೌಂಟರಿಗೆ.

ಹಾಗಾಗಿ ನಮ್ಮ ಸರ್ವರಿನಲ್ಲಿ ಪ್ರೋಕ್ (ಓಡುತ್ತಿರುವ ಪ್ರೋಗ್ರಾಮ್‌ಗಳ ಮಾಹಿತಿ ಇರುವ ಡೈರೆಕ್ಟರಿ) ಒಳಗೆ ಒಂದೊಂದು ಥ್ರೆಡ್ಡಿನ ಸ್ಟ್ಯಾಕ್ ಫೈಲ್ (ಅದು ಕೋಡಿನಲ್ಲಿ ಎಲ್ಲಿ ನಿಂತಿದೆ ಅಂತ ತೋರಿಸುವುದು) ತೆಗೆದು ಪಕ್ಕಪಕ್ಕ ಇಟ್ಟುಕೊಂಡೆ. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ: ಇದು ಯಾತಕ್ಕೆ ಕಾಯುತ್ತಿದೆ, ಇದನ್ನು ಎಬ್ಬಿಸಬೇಕಾದವರು ಯಾರು?

‘ಐಡಲ್’ ಬರೆದ ಶೆಲ್ ರೀಕಾನ್ಫಿಗ್ ಮ್ಯೂಟೆಕ್ಸ್ (ಅರೇಯ ಸೆಟ್ಟಿಂಗ್ ಬದಲಿಸುವಾಗ ಒಬ್ಬರೇ ಹಿಡಿಯಬಹುದಾದ ಲಾಕ್) ಹಿಡಿದುಕೊಂಡು, ಚೆಕ್ ನಡೆಸುವ ಸಿಂಕ್ ಥ್ರೆಡ್ ಮುಗಿಯಲಿ ಅಂತ ಕೂತಿತ್ತು. ಸಿಂಕ್ ಥ್ರೆಡ್, ತಾನು ಈಗಾಗಲೇ ಕಳಿಸಿದ ಸ್ಟ್ರೈಪ್‌ಗಳ (ಎಲ್ಲ ಡಿಸ್ಕ್‌ಗಳಲ್ಲಿ ಹರಡಿರುವ ಡೇಟಾದ ಒಂದೊಂದು ಪಟ್ಟಿ) ಲೆಕ್ಕ ಸೊನ್ನೆಗೆ ಇಳಿಯಲಿ ಅಂತ ಕಾಯುತ್ತಿತ್ತು. ಆ ಸ್ಟ್ರೈಪ್‌ಗಳನ್ನು ಮುಗಿಸಬೇಕಾದ್ದು ರೇಡ್6 ಥ್ರೆಡ್. ಅದಕ್ಕೇನು ಕಷ್ಟ?

ಇಲ್ಲೇ ಇರುವುದು ಮಜಾ. ಸ್ವಲ್ಪ ಹೊತ್ತು ಯಾರೂ ಬರೆಯದಿದ್ದರೆ ಎಂಡಿ ಅರೇಯನ್ನು ‘ಕ್ಲೀನ್’ ಅಂತ ಗುರುತು ಹಾಕುತ್ತದೆ. ಡೀಫಾಲ್ಟ್ ಸುಮಾರು 200 ಮಿಲಿಸೆಕೆಂಡ್ ಅಷ್ಟೇ. ಮತ್ತೆ ಮೊದಲ ರೈಟ್ ಬಂದಾಗ ಸೂಪರ್‌ಬ್ಲಾಕಿನಲ್ಲಿ (ಅರೇಯ ಸ್ಥಿತಿ ಬರೆದಿಡುವ ಡಿಸ್ಕಿನ ಭಾಗ) ‘ಆಕ್ಟಿವ್’ ಅಂತ ಬದಲಾಯಿಸಿ, ಅದು ಡಿಸ್ಕಿಗೆ ಇಳಿಯುವ ತನಕ ಪೆಂಡಿಂಗ್ ಫ್ಲಾಗ್ ಎತ್ತಿಟ್ಟಿರುತ್ತದೆ. ಆ ಫ್ಲಾಗ್ ಇರುವಷ್ಟು ಹೊತ್ತು ರೇಡ್6 ಥ್ರೆಡ್ ಸ್ಟ್ರೈಪನ್ನು ಕೈಗೆತ್ತಿಕೊಳ್ಳುತ್ತದೆ, ಫ್ಲಾಗ್ ನೋಡುತ್ತದೆ, ವಾಪಸ್ ಸಾಲಿಗೆ ಹಾಕುತ್ತದೆ, ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. 100% ಸಿಪಿಯು ಅಂದರೆ ಇದೇ. ಸೂಪರ್‌ಬ್ಲಾಕ್ ಬರೆಯುವ ಕೆಲಸವೂ ಇದೇ ಥ್ರೆಡ್ಡಿನದು, ಆದರೆ ಅದಕ್ಕೆ ರೀಕಾನ್ಫಿಗ್ ಮ್ಯೂಟೆಕ್ಸ್ ಬೇಕು. ಟ್ರೈಲಾಕ್ ಮಾಡಿ ನೋಡುತ್ತದೆ, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ. ಮ್ಯೂಟೆಕ್ಸ್ ಯಾರ ಹತ್ತಿರ ಇದೆ? ನಿಮ್ಮ ಶೆಲ್ ಹತ್ತಿರ! ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅಂತಾರಲ್ವಾ, ಹಾಗಾಯಿತು.

ನಿಮ್ಮಲ್ಲೂ ಇದೇನಾ ಅಂತ ನೋಡಲು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸೆಟ್ಟಿಂಗ್ ತೋರಿಸುವ ಡೈರೆಕ್ಟರಿ) ಎಂಡಿ0 ಕೆಳಗಿರುವ ಅರೇ_ಸ್ಟೇಟ್ ಫೈಲ್ ಓದಿ. ‘ರೈಟ್-ಪೆಂಡಿಂಗ್’ ಅಂತ ತೋರಿಸಿದರೆ ಇದೇ. ಆಗ ರೂಟ್ ಆಗಿ ಅದೇ ಫೈಲಿಗೆ ‘ಆಕ್ಟಿವ್’ ಅಂತ ಬರೆಯಿರಿ. ಈ ದಾರಿಯ ಕೋಡ್ ರೀಕಾನ್ಫಿಗ್ ಮ್ಯೂಟೆಕ್ಸ್ ಕೇಳುವುದಿಲ್ಲ, ನೇರವಾಗಿ ಪೆಂಡಿಂಗ್ ಫ್ಲಾಗ್ ಇಳಿಸುತ್ತದೆ. ಸ್ಟ್ರೈಪ್‌ಗಳು ಹರಿಯುತ್ತವೆ, ಸಿಂಕ್ ಥ್ರೆಡ್ ಮುಗಿಯುತ್ತದೆ, ಶೆಲ್ ಲಾಕ್ ಬಿಡುತ್ತದೆ. ನಮ್ಮಲ್ಲಿ ಎಂಟರ್ ಒತ್ತಿದ ಕೂಡಲೇ ಲೈಟ್‌ಗಳು ಮಿನುಗತೊಡಗಿದವು. ಒಂದು ಎಚ್ಚರ: ಸೂಪರ್‌ಬ್ಲಾಕಿನಲ್ಲಿ ‘ಆಕ್ಟಿವ್’ ಇಳಿಯುವ ಮುಂಚೆಯೇ ಡೇಟಾ ಬರೆಯಲು ಇಲ್ಲಿ ಅವಕಾಶ ಸಿಗುತ್ತದೆ. ಅದೇ ಗಳಿಗೆಯಲ್ಲಿ ಕರೆಂಟ್ ಹೋದರೆ ಅರೇ ‘ಕ್ಲೀನ್’ ಅಂತಲೇ ಎದ್ದು ಕೂರುತ್ತದೆ, ರೀಸಿಂಕ್ (ಡಿಸ್ಕ್‌ಗಳನ್ನು ಮತ್ತೆ ಒಂದಕ್ಕೊಂದು ಹೊಂದಿಸುವುದು) ನಡೆಯುವುದಿಲ್ಲ. ಯುಪಿಎಸ್ ಬ್ಯಾಟರಿ ಸರಿಯಿದೆಯಾ ನೋಡಿಕೊಂಡು ಮಾಡಿ.

ಶಾಶ್ವತ ಪರಿಹಾರ ಕರ್ನಲ್ 6.6ರಲ್ಲಿದೆ. ಅದಕ್ಕೂ ಮುಂಚೆ, ಕಾಯುವಾಗ ಲಾಕ್ ಬಿಟ್ಟರಾಯಿತು ಅಂತ ಒಂದು ಪ್ಯಾಚ್ ಒಳಗೆ ಹೋಗಿತ್ತು, ಆಮೇಲೆ ಅದನ್ನು ವಾಪಸ್ ತೆಗೆದರು. ಈಗ ‘ಐಡಲ್’ ಬರೆದವರು ಸಿಂಕ್ ಥ್ರೆಡ್ಡಿಗೆ ನಿಲ್ಲು ಅಂತ ಹೇಳಿ, ಮ್ಯೂಟೆಕ್ಸ್ ಹಿಡಿಯದೆ ಕಾಯುತ್ತಾರೆ. ನಿಂತ ಸಿಂಕ್ ಥ್ರೆಡ್ಡನ್ನು ಒರೆಸಿ ಸಾಗಹಾಕುವ ಕೆಲಸ ಬೇರೆಯವರದು.

5.10ರಲ್ಲೇ ಇರಬೇಕು ಅಂದರೆ ಚೆಕ್ಕನ್ನು ನಡುವೆ ನಿಲ್ಲಿಸಬೇಡಿ, ಪೂರ್ತಿ ಓಡಲು ಬಿಡಿ. ನೀವಾಗಿ ನಿಲ್ಲಿಸದಿದ್ದರೂ ಎಂಡಿಚೆಕ್ ಟೈಮರ್ (ಆಗಾಗ ತಾನಾಗಿ ಚೆಕ್ ಓಡಿಸುವ ವ್ಯವಸ್ಥೆ) ನಿಲ್ಲಿಸೀತು: ಅದು 6 ಗಂಟೆ ಓಡಿಸಿ ತಾನೇ ‘ಐಡಲ್’ ಬರೆಯುತ್ತದೆ. ನಿಮ್ಮ ಡಿಸ್ಟ್ರೋದಲ್ಲಿ ಅದಿದ್ದರೆ ಆಫ್ ಮಾಡಿ. ಅರೇ_ಸ್ಟೇಟಿನಲ್ಲಿ ಬೇರೇನಾದರೂ ಕಂಡರೆ ಏನನ್ನೂ ಬರೆಯದೆ ಆ ಮೂರು ಥ್ರೆಡ್‌ಗಳ ಸ್ಟ್ಯಾಕ್ ಇಲ್ಲಿ ಹಾಕಿ, ನೋಡೋಣ.